ನಲವತ್ತೊಂದನೆಯ ಲಕೋಟೆ

ಬಸ್ರಾದಲ್ಲಿ ಆಗಸ್ಟ್. ನಲ್ಲಿ ತಿರುಗಿಸಿದರೆ
ಬರುವುದು ನದಿಯಲ್ಲ,
ನದಿಯೊಳಗೆ ಹಿಮ್ಮುಖವಾಗಿ ಹತ್ತಿ ಬಂದ ಕಡಲು.
ಹನಿಗೂಡಿದರೆ ಹಳ್ಳ ಎನ್ನುತ್ತಾರೆ;
ಹನಿ ಬತ್ತಿದರೆ ಕಲ್ಲು
ಎಂದು ನಮ್ಮ ವಾರ್ಡಿನ ಹದಿನಾರು ಮಂಚಗಳು
ಇರುಳಿಡೀ ಕಿರುಗುಟ್ಟುತ್ತವೆ,
ಯಾವ ಮಗ್ಗುಲಿಗೂ ಸಮಾಧಾನವಿಲ್ಲದೆ.

ನಾನು ಸಿಹಾಮ್. ಕತ್ತರಿ ಹಿಡಿಯುವವಳಲ್ಲ,
ಲೆಕ್ಕ ಹಿಡಿಯುವವಳು.
ಕಪಾಟಿನಲ್ಲಿ ನೂರಿಪ್ಪತ್ತು ಲಕೋಟೆ, ಅಂಟು ಹಾಕಿ ಮುಚ್ಚಿದ್ದು:
ಅರ್ಧದೊಳಗೆ ಸುತ್ತಿಗೆ, ಅರ್ಧದೊಳಗೆ ಬೆಳಕು.
ಯಾವುದರಲ್ಲಿ ಯಾವುದೆಂದು
ಡಾಕ್ಟರ್ ಘಸ್ಸಾನರಿಗೂ ಗೊತ್ತಿಲ್ಲ, ನನಗೂ ಗೊತ್ತಿರಬಾರದು.
ಗೊತ್ತಿಲ್ಲದಿರುವುದೇ ಇಲ್ಲಿ ಮಡಿ.

ಸುತ್ತಿಗೆಯೆಂದರೆ ಗಾಳಿ.
ಸೂಜಿಯಷ್ಟು ಸಪೂರ ಸರಳಿನ ತುದಿಯಲ್ಲಿ ಟಕ್ ಟಕ್ ಟಕ್.
ಅಗ್ಗ, ಗಟ್ಟಿಮುಟ್ಟು. ಕೆಟ್ಟರೆ
ಅಶಾರ್ ಪೇಟೆಯ ಪಂಕ್ಚರ್ ಹುಡುಗನೂ ವಾಷರ್ ಬದಲಿಸಿ ಕೊಟ್ಟಾನು.
ಆದರೆ ಗುದ್ದಿದರೆ ಕೆಲವು ಕಲ್ಲು ಒಡೆಯುವುದಿಲ್ಲ, ಓಡುತ್ತವೆ.
ಬಂದ ದಾರಿಗೆ ಸುಂಕವಿಲ್ಲವೆಂದು
ಮೂತ್ರಪಿಂಡದ ಕತ್ತಲೆಗೆ ಮರಳಿ ಹತ್ತಿ ಕೂರುತ್ತವೆ.
ಗಾಳಿ ಗುದ್ದಿ ಮೈ ನೋಯಿಸಿಕೊಂಡವರು ಆಗ ನಾವು.

ಬೆಳಕೋ, ಗಾಜಿನ ಕೂದಲೆಳೆ ಹಿಡಿದು ಬರುತ್ತದೆ.
ಗುದ್ದುವುದಿಲ್ಲ, ಸವೆಸುತ್ತದೆ.
ಪರದೆಯ ಮೇಲೆ ಕಲ್ಲು ಹಿಟ್ಟಾಗಿ, ಹಿಟ್ಟು ಮಂಜಾಗಿ
ನಮಗೇ ಏನೂ ಕಾಣದಾಗಿ
ತಿಳಿಯಾಗುವವರೆಗೆ ಕಾಯಬೇಕು.
ಒಂದು ಎಳೆಗೆ ನನ್ನ ಎರಡು ತಿಂಗಳ ಸಂಬಳ.
ಜನರೇಟರ್ ಕೆಮ್ಮಿದರೆ ಬೆಳಕಿಗೂ ಕತ್ತಲೆ.

ಚಾಸಿಬ್ ಬಂದದ್ದು ಮಂಗಳವಾರ.
ಜುಬೈರ್ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷ
ಡಾಂಬರು ಒಡೆಯುವ ಯಂತ್ರ ಹಿಡಿದವನು.
ಯಂತ್ರ ಬಿಟ್ಟು ವರ್ಷವಾಯಿತು; ಕೈಯಿನ್ನೂ ಬಿಟ್ಟಿಲ್ಲ.
ಹಿಡಿದ ಲೋಟದಲ್ಲಿ ನೀರು ನಡುಗುತ್ತಿತ್ತು.
'ಯಾವುದು ಒಳ್ಳೆಯದು ಮಗಳೇ?'
'ಗೊತ್ತಿದ್ದರೆ ಲಕೋಟೆ ಯಾಕೆ ಬೇಕಿತ್ತು, ಚಿಕ್ಕಪ್ಪಾ?'
ಪಕ್ಕೆ ಹಿಡಿದುಕೊಂಡೇ ನಕ್ಕ.
'ಬೆಳಕೇ ಬರಲಿ. ಸುತ್ತಿಗೆಯನ್ನು ನಾನು ಬಲ್ಲೆ.'

ಒಂದು ಮಾತು ರಿಜಿಸ್ಟರಿನಲ್ಲಿಲ್ಲ:
ಲಕೋಟೆಯನ್ನು ಕಿಟಕಿಗೆ ಹಿಡಿದರೆ
ಮಧ್ಯಾಹ್ನದ ಬಿಸಿಲಲ್ಲಿ ಅಕ್ಷರ ಕಾಣುತ್ತದೆ.
ಜೂನ್‌ನಿಂದ ನನಗೊಬ್ಬಳಿಗೇ ಗೊತ್ತು. ಯಾರಿಗೂ ಹೇಳಿಲ್ಲ.
ನಲವತ್ತೊಂದನ್ನು ಹಿಡಿದೆ. ಸುತ್ತಿಗೆ.
ಅದರಡಿ ನಲವತ್ತೆರಡು, ತಣ್ಣಗೆ ಕಾಯುತ್ತಿತ್ತು.
ಮೇಲಿನದು ಕೆಳಗಾದರೆ ಯಾರು ಕೇಳುತ್ತಾರೆ?
ಬೆರಳು ಅಂಚಿನವರೆಗೆ ಹೋಯಿತು.
ಹೋಗಿದ್ದು ನಿಜ.

ನಲವತ್ತೊಂದನ್ನೇ ಹರಿದೆ. ಅವನಿಗೆ ಓದು ಬಾರದು.
ನಾನೇ ಓದಿ ಹೇಳಿದೆ,
ನನ್ನ ದನಿ ನನಗೇ ಕೇಳದಷ್ಟು ಮೆತ್ತಗೆ.

ಸೊಂಟದ ಕೆಳಗೆ ಮರಗಟ್ಟಿತ್ತು; ಕಿವಿ ಎಚ್ಚರವಿತ್ತು.
ತನ್ನೊಳಗಿನ ಟಕ್ ಟಕ್ ಕೇಳುತ್ತಾ ಮಲಗಿದ್ದ.
'ಕೋನ ತಪ್ಪಿದೆ, ಸ್ವಲ್ಪ ಓರೆಯಾಗಿ ಇಡಿ' ಎಂದ.
ಘಸ್ಸಾನ್ ಅರೆಕ್ಷಣ ಸುಮ್ಮನಿದ್ದು, ಓರೆಯಾಗಿ ಇಟ್ಟರು.
ಕಲ್ಲು ಓಡಲಿಲ್ಲ. ಮೂರು ಹೋಳು.

(ನಲವತ್ತೆರಡು ವಿದಾದ್, ಶಾಲೆಯ ಟೀಚರ್. ಬೆಳಕು.
ಕಲ್ಲು ಪೂರ್ತಿ ಹಿಟ್ಟಾಯಿತು, ಜ್ವರ ನಾಲ್ಕು ದಿನ ಬಿಡಲಿಲ್ಲ.
ಅವಳನ್ನು ನೋಡಲು ಹೋದಾಗಲೆಲ್ಲ
ನನ್ನ ಬೆರಳು ನನಗೆ ಭಾರ.)

ಬರೆದೆ: ಗಂಡು, ಐವತ್ತೆರಡು, ಎಡನಾಳ, ಹನ್ನೊಂದು ಮಿಲಿಮೀಟರ್,
ಕಲ್ಲುಮುಕ್ತ: ಹೌದು.
ಕೋನ ಹೇಳಿದವರು ಯಾರೆಂಬುದಕ್ಕೆ ಕಾಲಂ ಇಲ್ಲ.

ಹೊರಡುವಾಗ ಹೋಳುಗಳ ಸೀಸೆಯನ್ನು ಕಿವಿಯ ಬಳಿ ಕುಲುಕಿದ.
'ಇದೇ ಸದ್ದಿಗೆ ನನಗೆ ದಿನಗೂಲಿ ಕೊಡುತ್ತಿದ್ದರು.'
ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕು, ಮರೆಯಬೇಡಿ ಎಂದೆ.
'ಯಾವ ನೀರು?' ಎಂದ.

ಅದಕ್ಕೆ ನನ್ನ ಕಪಾಟಿನಲ್ಲಿ ಲಕೋಟೆ ಇರಲಿಲ್ಲ.